ತಲೆ ಕಡೆಯ ಹಳದಿ ಚೂರು

ಅಜ್ಜಿಯ ತಿಥಿ ಮುಗಿದ ಮಾರನೆಯ ದಿನ ಟ್ರಂಕು ತೆಗೆದೆವು. ನೆಂಟರೆಲ್ಲ ಹೊರಟುಹೋಗಿ, ಪಾಂಡವಪುರದ ಕಡೆಯ ಆ ಹಳ್ಳಿಮನೆಯಲ್ಲಿ ನಾನು, ನಮ್ಮವ್ವ, ದೊಡ್ಡತ್ತೆ ಮೂವರೇ ಉಳಿದಿದ್ದೆವು. ಟ್ರಂಕಿನಲ್ಲಿ ಎರಡು ಸೀರೆ, ಎಲೆಅಡಿಕೆ ಚೀಲ, ಅದರಡಿ ಮಡಿಸಿಟ್ಟ ಒಂದು ಅರೆಬರೆ ಕೌದಿ. ಸೂಜಿ ಚುಚ್ಚಿದ ಹಾಗೇ ಇತ್ತು, ಹಿಂದೆ ಮೊಳದುದ್ದ ದಾರ ಬಿಟ್ಟುಕೊಂಡು.

ಅಜ್ಜಿ ಹುಟ್ಟಿದ್ದು 1939ರಲ್ಲಿ. ತಾರೀಖು ಗೊತ್ತಿಲ್ಲ. ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾದ ವರ್ಷ ಎಂದು ಅವಳಪ್ಪ ಹೇಳಿದ್ದನ್ನೇ ಹಿಡಿದುಕೊಂಡು, “ನಾನೂ ಮಂಡ್ಯ ಜಿಲ್ಲೆನೂ ಒಂದೇ ಓರಗೆ” ಅನ್ನುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬೇಸಿಗೆಯಲ್ಲಿ ಗದ್ದೆ ಕೆಲಸ ಸಡಿಲವಾದಾಗ ಜಗುಲಿಯ ಮೇಲೆ ಹಳೇ ಸೀರೆಯನ್ನು ಎರಡು ಪದರ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಬಟ್ಟೆ ಚೂರುಗಳನ್ನು ಹರಡುತ್ತಿದ್ದಳು. ಆಮೇಲೆ ಒಂದಿಡೀ ದಿನ ಸೂಜಿ ಮುಟ್ಟುತ್ತಿರಲಿಲ್ಲ. ಸುಮ್ಮನೆ ನೋಡುವುದು, ಒಂದು ಚೂರು ತೆಗೆದು ಇನ್ನೊಂದಿಡುವುದು, ಮತ್ತೆ ನೋಡುವುದು. ಅಚ್ಚ ಕೆಂಪಿನ ಪಕ್ಕ ಅಚ್ಚ ಹಸಿರು ಬರಕೂಡದು. ನಡುವೆ ತಾತನ ಪಂಚೆಯ ಮಾಸಿದ ಬಿಳುಪು ಒಂದು ಗೇಣಾದರೂ ಇರಬೇಕು. “ಕಣ್ಣೂ ಒಸಿ ದಣಿವಾರ್ಸ್ಕಬೇಕು ಕಣಮ್ಮಿ” ಅನ್ನುತ್ತಿದ್ದಳು. ಬಣ್ಣದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇನ್ನೂ ಕೇಳಿಲ್ಲ.

ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತು ಬಂದು ನಡುವಿನಲ್ಲಿ ಮುಗಿಯುತ್ತಿತ್ತು. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನುದ್ದ. ಒಂದು ಕೌದಿಗೆ ಎರಡು ತಿಂಗಳು ಹಿಡಿಯುತ್ತಿತ್ತು. ಹೊದ್ದರೆ ಮೈಮೇಲೆ ಯಾರೋ ಕೈ ಇಟ್ಟಷ್ಟು ಭಾರ. ತಾತ ಎತ್ತು ಹೊಡೆದುಕೊಂಡು ಬೇಬಿ ಬೆಟ್ಟದ ದನಗಳ ಜಾತ್ರೆಗೆ ಹೊರಟರೆ ಗಾಡಿಗೆ ಮೊದಲು ಏರುತ್ತಿದ್ದುದು ಕೌದಿ. ಆಲೆಮನೆಯಲ್ಲಿ ರಾತ್ರಿಯೆಲ್ಲ ಕಬ್ಬು ಅರೆಯುವಾಗ ಮೊಮ್ಮಕ್ಕಳಾದ ನಾವು ಒಂದೇ ಕೌದಿಯೊಳಗೆ ನುಸುಳಿ ಕೊಪ್ಪರಿಗೆಯ ಹೊಗೆ ನೋಡುತ್ತ ನಿದ್ದೆ ಹೋಗುತ್ತಿದ್ದೆವು. ಒಗೆಯುವುದು ವಿ.ಸಿ. ನಾಲೆಯಲ್ಲಿ. ನೀರು ಕುಡಿದ ಕೌದಿ ಒಬ್ಬರಿಂದ ಏಳುವುದಿಲ್ಲ. ಆ ತುದಿ ಅವ್ವ, ಈ ತುದಿ ಅಜ್ಜಿ ಹಿಡಿದು ಹಿಂಡಿ ಬಂಡೆಯ ಮೇಲೆ ಹರವಿದರೆ ಒಣಗಲು ಎರಡು ದಿನ.

ಅಜ್ಜಿಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಕೌದಿಯನ್ನು ಯಾರಾದರೂ ತಲೆಕೆಳಗಾಗಿ ಹೊದ್ದರೆ ನಡುರಾತ್ರಿಯಾದರೂ ಎಬ್ಬಿಸುತ್ತಿದ್ದಳು. “ಕಾಲ್ದೆಸೆನ ಮೊಕಕ್ಕೆ ಹೊದ್ದಿದ್ದೀಯಲ್ಲಮ್ಮಿ, ತಿರುಗ್ಸು.” ಯಾವುದು ತಲೆ ಕಡೆ ಎಂದು ತಿಳಿಯಲು ಗುರುತಿತ್ತು. ಒಂದು ಮೂಲೆಯಲ್ಲಿ ಹಳದಿ ಹೂವಿನ ಸಣ್ಣ ಚೂರು. ಅವಳು ಹೊಲಿದ ಪ್ರತಿ ಕೌದಿಯಲ್ಲೂ ಅದೇ ಹಳದಿ.

ತಿಥಿಗೆ ಬಂದಿದ್ದ ಹಿರಿಯರೊಬ್ಬರ ಮಾತಿನಂತೆ ಅಜ್ಜಿ ಹೊದೆಯುತ್ತಿದ್ದ ಕೌದಿ ಊರಾಚೆ ಹೋಗಿಬಿಟ್ಟಿತ್ತು. ತಡೆಯಲು ನನಗೆ ಬಾಯಿ ಬರಲಿಲ್ಲ. ಆ ಸಂಕಟ ಈಗಲೂ ಆರಿಲ್ಲ. ಹಾಗಾಗಿ ಟ್ರಂಕಿನ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಿಗಿಯಾಗಿ ಹಿಡಿದು ಕೂತೆ. ದೊಡ್ಡತ್ತೆ ಒಂದೊಂದೇ ಚೂರಿನ ಮೇಲೆ ಬೆರಳಾಡಿಸಿದರು. ಅಪ್ಪನ ಪಟಾಪಟಿ ಚಡ್ಡಿ. ಅವ್ವನ ಬಸಿರಿನ ಕಾಲದ ಹಸಿರು ರವಿಕೆ. ನನ್ನ ಶಾಲೆಯ ನೀಲಿ ಲಂಗ. ಮೂಲೆಯಲ್ಲಿ ಆ ಹಳದಿ, ಈ ಸಲ ಹೆಬ್ಬೆರಳಿನ ಉಗುರಿನಷ್ಟು.

“ತಲೆ ಕಡೆ ಗುರುತು” ಅಂದೆ ನಾನು.

ದೊಡ್ಡತ್ತೆ ತುಂಬ ಹೊತ್ತು ಮಾತಾಡಲಿಲ್ಲ. “ಗುರ್ತಲ್ಲ ಕಣಮ್ಮಿ. ಅದು ಪುಟ್ಟಿ ಫ್ರಾಕು.”

ಅಪ್ಪನಿಗಿಂತ ಮೊದಲು ಒಂದು ಹೆಣ್ಣುಮಗು ಇತ್ತಂತೆ. 1964ರಲ್ಲಿ ಮನೆಯ ಇಬ್ಬರು ಮಕ್ಕಳಿಗೂ ಸಿಡುಬು ಬಂತು. ಏಳು ವರ್ಷದ ದೊಡ್ಡತ್ತೆ ಉಳಿದುಕೊಂಡರು. ಕೆನ್ನೆಯ ತುಂಬ ಆ ಕಲೆಗಳಿವೆ. ಮೂರು ವರ್ಷದ ಪುಟ್ಟಿ ಉಳಿಯಲಿಲ್ಲ. ದೇಶದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರಲ್ಲಿ; ಅವಳ ಪಾಲಿಗೆ ಅದು ಹನ್ನೊಂದು ವರ್ಷ ತಡ. ಮಗು ಮುಟ್ಟಿದ ಬಟ್ಟೆಯನ್ನೆಲ್ಲ ಸುಟ್ಟರು. ಉಳಿದದ್ದು ಬೇಬಿ ಜಾತ್ರೆಯಿಂದ ತಾತ ತಂದಿದ್ದ ಹಳದಿ ಹೂವಿನ ಫ್ರಾಕು ಒಂದೇ, ಅದನ್ನು ಪುಟ್ಟಿ ಒಂದು ಸಲವೂ ತೊಟ್ಟಿರಲಿಲ್ಲ. ಅಜ್ಜಿ ಅವಳ ಹೆಸರನ್ನು ಮತ್ತೆ ಬಾಯಲ್ಲಿ ತರಲಿಲ್ಲ. ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ, ಮದುವೆಯಾದಾಗಲೆಲ್ಲ ಒಂದು ಕೌದಿ ಹೊಲಿದಳು, ಫ್ರಾಕಿನಿಂದ ಒಂದೊಂದು ಚೂರು ಕತ್ತರಿಸಿದಳು.

ಮೈಸೂರಿನಲ್ಲಿರುವ ತಂಗಿಗೂ ಬೆಂಗಳೂರಿನ ಅಣ್ಣನಿಗೂ ಫೋನು ಮಾಡಿದೆ. ಸಂಜೆಗೆ ಚಿತ್ರಗಳು ಬಂದವು. ಅಣ್ಣನ ಕೌದಿಯಲ್ಲಿ ಮೂರು ಬೆರಳಗಲ, ತಂಗಿಯದರಲ್ಲಿ ಎರಡು. ಅಣ್ಣ ಮತ್ತೆ ಫೋನು ಮಾಡಿ ಏನೂ ಹೇಳದೆ ಹಾಗೇ ಇದ್ದ, ನಾನೂ ಇದ್ದೆ.

ಕೌದಿಯ ನಡುವೆ ಒಂದು ಗೇಣು ಹೊಲಿಗೆ ಬಾಕಿ ಇತ್ತು. ನಾನು ದಾರ ಪೋಣಿಸಿಕೊಟ್ಟೆ, ಅವ್ವ ಹೊಲಿದಳು. ಅಜ್ಜಿಯ ಹೊಲಿಗೆ ಎಲ್ಲಿ ನಿಂತಿತು, ಅವ್ವನದು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ, ಕಾಣಲಿ. ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲೇ ಕೌದಿ ಬಿಡಿಸಿ ಮೂವರೂ ಅದರಡಿ ಮಲಗಿದೆವು. ಇನ್ನೇನು ಕಣ್ಣು ಹತ್ತಬೇಕು, ದೊಡ್ಡತ್ತೆ ಎದ್ದು ಕೂತರು. ಅಂಚಿನುದ್ದಕ್ಕೂ ಕೈಯಾಡಿಸುತ್ತ ಮೂಲೆ ಹುಡುಕಿದರು, ಆಮೇಲೆ ಮೆಲ್ಲಗೆ ಕೌದಿಯನ್ನು ತಿರುಗಿಸಿ ನಮ್ಮಿಬ್ಬರಿಗೂ ಹೊದಿಸಿದರು.