ಪೂರ್ವಪಕ್ಷಕ್ಕೊಂದು ಭಾನುವಾರ

ಭಾನುವಾರ ಮಧ್ಯಾಹ್ನ ನಾವು ಕೆಲವರು ಫೋನಿನ ವಿಡಿಯೊ ಕರೆಯಲ್ಲಿ ಸೇರಿ, ತತ್ವಶಾಸ್ತ್ರದ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಎರಡು ತಾಸು ಮಾತನಾಡುತ್ತೇವೆ. ಇದು ತಿಳಿದ ಸಿಂಧನೂರಿನ ನನ್ನ ಪರಿಚಿತರಲ್ಲಿ ಕೆಲವರು ಪ್ರವಚನವೆಂದು ಭಾವಿಸಿ ‘ಯಾವ ಮಠದ ಅಜ್ಜಾರು ಬರ್ತಾರ್ರಿ?’ ಎಂದು ಕೇಳುತ್ತಾರೆ. ಇನ್ನು ಕೆಲವರು ಟಿವಿ ವಾಹಿನಿಗಳ ಚರ್ಚೆಯನ್ನು ನೆನೆದು ‘ಕಡೀಕ ಗೆದ್ದವರು ಯಾರು?’ ಎಂದು ನಗುತ್ತಾರೆ. ಅಲ್ಲಿ ಅಜ್ಜಾರೂ ಇಲ್ಲ, ಗೆಲುವೂ ಇಲ್ಲ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು, ಮಾನ್ವಿ ತಾಲ್ಲೂಕಿನ ರೈತರೊಬ್ಬರು, ಯಲಬುರ್ಗಾ ಕಡೆಯ ಒಬ್ಬ ನರ್ಸ್, ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ನಿವೃತ್ತರಾದ ಎಂಜಿನಿಯರ್, ಕಾಲೇಜಿನ ಇಬ್ಬರು ಹುಡುಗರು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು, ಹೀಗೆ ಸೇರಿದವರಲ್ಲಿ ಒಬ್ಬರೂ ತತ್ವಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ನಾನು ಸೇರುವ ಮೊದಲು ಕೂಟ ರಾತ್ರಿ ಒಂಬತ್ತಕ್ಕೆ ನಡೆಯುತ್ತಿತ್ತಂತೆ. ಆ ಹೊತ್ತಿಗೆ ಅಡುಗೆಮನೆಯ ಕೆಲಸ ಮುಗಿಯದ ಹೆಣ್ಣುಮಕ್ಕಳು ಬರೀ ಕೇಳಿಸಿಕೊಳ್ಳುವವರಾಗಿ ಉಳಿಯುತ್ತಿದ್ದರು. ನರ್ಸ್ ಅಕ್ಕನವರು ಅದನ್ನು ಎತ್ತಿ ಹೇಳಿದ ಮೇಲೆ ವೇಳೆ ಬದಲಾಯಿತು.

ಇಂತಹ ಕೂಟಗಳು ಹೊಸವೇನೂ ಅಲ್ಲ. 1992ರಲ್ಲಿ ಮಾರ್ಕ್ ಸೋತೆ ಎಂಬ ಫ್ರೆಂಚ್ ತತ್ವಶಾಸ್ತ್ರಜ್ಞರು ಪ್ಯಾರಿಸಿನ ಬಾಸ್ಟೀಲ್ ಚೌಕದ ಒಂದು ಕೆಫೆಯಲ್ಲಿ, ಭಾನುವಾರ ಬೆಳಿಗ್ಗೆ ಯಾರು ಬೇಕಾದರೂ ಬಂದು ಮಾತನಾಡಬಹುದಾದ ತತ್ವಚರ್ಚೆಯನ್ನು ಆರಂಭಿಸಿದರು; ಅದನ್ನು ನೋಡಿ ಬೇರೆ ದೇಶಗಳಲ್ಲಿಯೂ ಅಂಥವು ಹುಟ್ಟಿಕೊಂಡವು. ಆದರೆ ನಮ್ಮ ಕೂಟದ ನಿಯಮವನ್ನು ಪ್ಯಾರಿಸಿನಿಂದ ತರಬೇಕಾದ ಅಗತ್ಯ ಬೀಳಲಿಲ್ಲ. ನಿಯಮ ಒಂದೇ: ಒಬ್ಬರ ಮಾತನ್ನು ಖಂಡಿಸಬೇಕೆನ್ನುವವರು ಮೊದಲು ಆ ಮಾತನ್ನು ತಾವೇ ಹೇಳಿ ತೋರಿಸಬೇಕು, ಹೇಳಿದವರು ‘ಹೌದು, ನನ್ನ ಮಾತು ಇದೇ’ ಎಂದು ಒಪ್ಪಿದ ಮೇಲೆಯೇ ಉತ್ತರಕ್ಕೆ ತೊಡಗಬೇಕು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷ ಎಂದು ಕರೆದು ಶತಮಾನಗಳ ಕಾಲ ಪಾಲಿಸಿಕೊಂಡು ಬಂದ ಕ್ರಮವೇ ಇದು.

ಕಾಗದದ ಮೇಲೆ ಇದು ಸುಲಭವಾಗಿ ಕಾಣುತ್ತದೆ, ಬಾಯಿಗೆ ಬಂದಾಗ ಮಾತ್ರ ಬೆವರಿಳಿಸುತ್ತದೆ. ಭಾರತೀಯ ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮರ ನ್ಯಾಯಸೂತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಲೆಂದು ಪ್ರಮಾಣ, ತರ್ಕಗಳಿಂದ ನಡೆಸುವುದು ವಾದ. ಗೆಲ್ಲಲೆಂದು ಮಾತಿನ ಮೋಸಕ್ಕೂ ಇಳಿಯುವುದು ಜಲ್ಪ. ತನ್ನದೆನ್ನುವ ಪಕ್ಷವನ್ನೇ ಇಡದೆ ಎದುರಿನವರದನ್ನು ಒಡೆಯುವುದಷ್ಟೇ ವಿತಂಡ. ವಾದವನ್ನು ಗುರು, ಶಿಷ್ಯ, ಸಹಪಾಠಿಗಳಂತಹ ಅಸೂಯೆಯಿಲ್ಲದವರೊಡನೆ ನಡೆಸಬೇಕೆಂದು ಆ ಗ್ರಂಥವೇ ಹೇಳುತ್ತದೆ. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಹಾಕುವಂತೆ, ನಿಶ್ಚಯವಾದ ತತ್ವವನ್ನು ಕಾಪಾಡಿಕೊಳ್ಳಲು ಜಲ್ಪ, ವಿತಂಡಗಳನ್ನೂ ಬಳಸಬಹುದೆಂದು ಮುಂದೆ ಅದು ಅನುಮತಿ ಕೊಡುತ್ತದೆ. ಬೇಲಿಯನ್ನೇ ಬೆಳೆಯೆಂದು ಎಣಿಸಿದವರು ಇಂದು ಎಲ್ಲೆಲ್ಲಿಯೂ ಸಿಗುವುದರಿಂದ, ಈ ಅನುಮತಿಯನ್ನು ನಮ್ಮ ಕೂಟ ಬಳಸದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪಾಲಿ ಭಾಷೆಯ ಬೌದ್ಧ ಗ್ರಂಥ ಮಿಲಿಂದಪಞ್ಹದಲ್ಲಿ ಯವನ, ಎಂದರೆ ಗ್ರೀಕ್, ದೊರೆ ಮಿಲಿಂದನೊಡನೆ ಚರ್ಚೆಗೆ ಕೂರುವ ಮುನ್ನ ಭಿಕ್ಷು ನಾಗಸೇನ ಹಾಕುವ ಷರತ್ತೂ ಇಲ್ಲಿ ನೆನಪಾಗುತ್ತದೆ. ಪಂಡಿತರಂತೆ ಮಾತನಾಡುವೆಯಾದರೆ ಸಿದ್ಧ, ಅರಸರಂತೆ ಮಾತನಾಡುವೆಯಾದರೆ ಇಲ್ಲ, ಏಕೆಂದರೆ ಪಂಡಿತರು ಸೋಲಿಸಿದರೂ ಸೋತರೂ ಸಿಟ್ಟಾಗುವುದಿಲ್ಲ, ಅರಸರು ಒಪ್ಪದವರಿಗೆ ದಂಡ ವಿಧಿಸುತ್ತಾರೆ ಎನ್ನುವುದು ಅವನ ವಿವರಣೆ. ರಾಜನು ಏರಿ ಬಂದ ರಥವನ್ನೇ ಹಿಡಿದು, ಅಚ್ಚು ರಥವೇ, ಗಾಲಿ ರಥವೇ ಎಂದು ನಾಗಸೇನ ಕೇಳುತ್ತಾ ಹೋಗುವುದೂ ಆ ಗ್ರಂಥದಲ್ಲಿಯೇ. ಗ್ರೀಕರಲ್ಲಿ ಪ್ಲುಟಾರ್ಕ್ ಹೇಳುವ ಥೀಸಿಯಸ್ಸನ ಹಡಗಿನ ಪ್ರಶ್ನೆ ಇದಕ್ಕೆ ಹತ್ತಿರದ್ದು: ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೇ?

ನಮ್ಮ ಕಡೆಯವರಿಗೆ ಇದಕ್ಕೆ ಹಡಗು ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ವಾರದೊಳಗೆ, ಹರಿಯುವ ನೀರಿನಲ್ಲಿಯೇ, ತಾತ್ಕಾಲಿಕ ತಡೆಯಾಗುವ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ಅದನ್ನು ಮುಚ್ಚಲಾಯಿತು. ಮುಂದೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಎಲ್ಲವೂ ಹೊಸದಾದ ಮೇಲೆ ಇದು 1953ರ ಅಣೆಕಟ್ಟೆಯೇ ಹೌದೇ ಎಂದು ಹುಡುಗರಲ್ಲೊಬ್ಬ ಕೇಳಿದ. ಕಲ್ಲು ಗಾರೆಯ ಕಟ್ಟೆ ಉಳಿದಿರುವವರೆಗೆ ಅದೇ ಎಂದರು ಎಂಜಿನಿಯರ್ ಸಾಹೇಬರು. ಮಾನ್ವಿಯ ರೈತರು ಒಪ್ಪಲಿಲ್ಲ. ಕಟ್ಟೆ ಎಂದರೆ ಇಷ್ಟು ನೀರು ಇಂಥವರಿಗೆ ಎಂಬ ಮಾತೇ ಹೊರತು ಕಲ್ಲಲ್ಲ, ಆ ಮಾತು ಮುರಿದ ದಿನವೇ ಕಟ್ಟೆ ಬೇರೆಯಾಯಿತು ಎಂದರು. ಒಂದು ವಸ್ತುವಿನ ಗುರುತು ಅದು ಯಾವುದರಿಂದ ಆಗಿದೆ ಎನ್ನುವುದರಲ್ಲಿದೆಯೋ, ಅದು ಏತಕ್ಕಾಗಿ ಇದೆ ಎನ್ನುವುದರಲ್ಲಿದೆಯೋ ಎಂಬ ಹಳೆಯ ಜಿಜ್ಞಾಸೆಗೆ ಅವರು ಯಾವ ಪುಸ್ತಕವನ್ನೂ ತೆರೆಯದೆ ಬಂದು ತಲುಪಿದ್ದರು.

ಅಲ್ಲಿಂದ ಮಾತು ನೀರಿಗೆ ಹೊರಳಿದ್ದು ಸಹಜ. ಕೂಟದಲ್ಲಿ ರಾಜಕೀಯ ಬೇಡವೆಂದು ಕೆಲವರು ಹೇಳುವುದುಂಟು. ಪಕ್ಷ ರಾಜಕಾರಣ ಬೇಡವೆನ್ನುವುದು ಸರಿ, ಆದರೆ ನ್ಯಾಯದ ಚರ್ಚೆಯಿಂದ ನೀರನ್ನು ಹೊರಗಿಟ್ಟರೆ ರಾಯಚೂರು, ಕೊಪ್ಪಳದವರಿಗೆ ಆ ಚರ್ಚೆಯಲ್ಲಿ ಉಳಿಯುವುದೇನು? 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅನಧಿಕೃತ ನೀರಾವರಿಯೂ ಸೇರಿಕೊಂಡಿತು, ಮಾನ್ವಿ, ರಾಯಚೂರು ಕಡೆಯ ಕೊನೆಯ ಭಾಗದ ರೈತರು ಕಾಲುವೆಯ ಗೇಜ್ (ನೀರಿನ ಮಟ್ಟ) ಬಿದ್ದಾಗಲೆಲ್ಲ ರಸ್ತೆಗಿಳಿಯುವಂತಾಯಿತು.

ಗಂಗಾವತಿಯವರು ಮೇಲ್ಭಾಗದ ಪರವಾಗಿ ಮಂಡಿಸಿದ ವಾದ ಗಟ್ಟಿಯಾಗಿತ್ತು. ಕಾಲುವೆ ಬಂದ ಹೊಸತರಲ್ಲಿ ಇಲ್ಲಿಯ ಎಷ್ಟೋ ಜನ ನೀರಾವರಿಗೆ ಹಿಂಜರಿದರು. ಆಂಧ್ರದಿಂದ ಬಂದು ಕ್ಯಾಂಪ್ ಮಾಡಿಕೊಂಡವರು ಜಾಲಿ ಕಡಿದು, ದಿಬ್ಬ ಇಳಿಸಿ, ನೆಲ ಸಮ ಮಾಡಿ ಗದ್ದೆ ಎಬ್ಬಿಸಿದರು. ಅವರ ಬೆವರು ಬಿದ್ದ ಮೇಲೆ ಅದರ ಫಲ ಅವರದಲ್ಲವೇ? ಇದನ್ನು ಯಾರೂ ಅಲ್ಲಗಳೆಯುವ ಮೊದಲು ನಿಯಮದಂತೆ ಮಾನ್ವಿಯವರು ಅವರ ಮಾತನ್ನು ಮರಳಿ ಹೇಳಬೇಕಾಯಿತು, ಮತ್ತು ಹೇಳಿದರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ತತ್ವಶಾಸ್ತ್ರಜ್ಞ ಜಾನ್ ಲಾಕ್ ಆಸ್ತಿಯ ಹಕ್ಕನ್ನು ಸಮರ್ಥಿಸಿದ್ದು ಇದೇ ದಾರಿಯಲ್ಲಿ: ಯಾರದೂ ಅಲ್ಲದ ನೆಲದಲ್ಲಿ ತನ್ನ ದುಡಿಮೆಯನ್ನು ಬೆರೆಸಿದವನಿಗೆ ಅದು ಸೇರುತ್ತದೆ. ಆದರೆ ಲಾಕ್ ಅದಕ್ಕೊಂದು ಕಟ್ಟು ಹಾಕಿದ್ದಾನೆ. ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಮಿಕ್ಕಿರಬೇಕು. ಇದನ್ನು ನಾನು ಓದಿ ಹೇಳಿದಾಗ ಗಿರಣಿಯವರು ಸ್ವಲ್ಪ ಹೊತ್ತು ಮೈಕ್ ಮ್ಯೂಟ್ ಮಾಡಿಕೊಂಡು, ಆಮೇಲೆ ಬಂದು, ‘ಗದ್ದಿಗೆ ಆ ಮಾತು ಒಪ್ಪತೀನ್ರಿ ಸರ, ಹರಿಯೋ ನೀರಿಗೆ ಹೆಂಗ ಹಚ್ಚತೀರಿ?’ ಎಂದು ಕೇಳಿದರು. ನೆಲದಂತೆ ನೀರಿಗೆ ಎಲ್ಲೆಯಿಲ್ಲವಾದ್ದರಿಂದ ಈ ಪ್ರಶ್ನೆ ನಿಜವಾಗಿಯೂ ಕಠಿಣ, ಮತ್ತು ನನಗೆ ತೃಪ್ತಿ ಕೊಡುವ ಉತ್ತರ ಇನ್ನೂ ಸಿಕ್ಕಿಲ್ಲ.

ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಮಂಡಿಸಿದ ಅಜ್ಞಾನದ ಪರದೆಯನ್ನು ಆಗ ಎಂಜಿನಿಯರ್ ಸಾಹೇಬರು ಎತ್ತಿದರು. ನಿಮ್ಮ ಹೊಲ ಕಾಲುವೆಯ ಮೊದಲ ಮೈಲಿಯಲ್ಲಿದೆಯೋ ಕೊನೆಯ ಮೈಲಿಯಲ್ಲಿದೆಯೋ ನಿಮಗೇ ಗೊತ್ತಿಲ್ಲವೆಂದುಕೊಂಡು ನೀರಿನ ಹಂಚಿಕೆಯ ನಿಯಮ ಬರೆಯಿರಿ ಎಂದರು. ಎಲ್ಲರೂ ಹೆಚ್ಚುಕಡಿಮೆ ಒಂದೇ ನಿಯಮಕ್ಕೆ ಬಂದರು: ಕೊನೆಗೆ ಮುಟ್ಟುವಷ್ಟು ಬಿಟ್ಟು ಮೇಲಿನವರು ಬಳಸಬೇಕು. ಇಷ್ಟು ಬೇಗ ಒಮ್ಮತ ಮೂಡಿದ್ದೇ ನನಗೆ ಅನುಮಾನ ಹುಟ್ಟಿಸಿತು. ಮಾನ್ವಿಯವರಿಗೂ ಹಾಗೆಯೇ ಅನ್ನಿಸಿರಬೇಕು. ತಾನು ಯಾರೆಂದು ಮರೆತು ಬರೆದ ನಿಯಮವನ್ನು, ತಾನು ಯಾರೆಂದು ನೆನಪಿದ್ದವನು ರಾತ್ರಿ ತೂಬಿನ ಹತ್ತಿರ ಏಕೆ ಪಾಲಿಸಬೇಕು ಎಂದು ಕೇಳಿದರು.

ಎದುರಿನವರನ್ನು ಹೀಗೆ ಪೂರ್ತಿ ಕೇಳಿಸಿಕೊಳ್ಳುವುದು ಈ ನೆಲಕ್ಕೆ ಅಪರಿಚಿತವಲ್ಲ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳು ನಮಗೆಲ್ಲ ಗೊತ್ತು, ಆದರೆ ಚರ್ಚೆಗೆ ಸಂಬಂಧಿಸಿದ ಶಾಸನ ಇರುವುದು ಹತ್ತಿರದ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಅಲ್ಲಿ ದೊರೆತ 12ನೇ ಬಂಡೆ ಶಾಸನದ ಪಾಠವು ನಾಲಗೆಯ ಹಿಡಿತವನ್ನು ಕೇಳುತ್ತದೆ, ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎನ್ನುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆಶ್ರಯದಲ್ಲಿದ್ದ ಮಾಧವಾಚಾರ್ಯರ ಹೆಸರಿನ ಸರ್ವದರ್ಶನಸಂಗ್ರಹವು ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರಿಂದ ಮೊದಲಾಗಿ ಒಂದೊಂದೇ ದರ್ಶನವನ್ನು ನಿರೂಪಿಸುತ್ತದೆ. ಚಾರ್ವಾಕರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರನ್ನು ಒಪ್ಪದವರು ಬರೆದಿಟ್ಟದ್ದು. ಇದನ್ನು ಉದಾರತೆಯೆಂದು ಕೊಂಡಾಡುವವರಿದ್ದಾರೆ. ನನಗೆ ಒಂದು ಕೊರತೆಯೂ ಕಾಣುತ್ತದೆ. ‘ಹೌದು, ನನ್ನ ಮಾತು ಇದೇ’ ಎಂದು ಹೇಳಲು ಅಲ್ಲಿ ಚಾರ್ವಾಕನೇ ಇಲ್ಲ. ನಮ್ಮ ಕೂಟದಲ್ಲಿ ಪೂರ್ವಪಕ್ಷದವರು ಜೀವಂತವಾಗಿ ಎದುರಿಗಿರುತ್ತಾರೆ, ತಪ್ಪಾಗಿ ಹೇಳಿದರೆ ಅಲ್ಲೇ ತಡೆಯುತ್ತಾರೆ.

ಸೇರಬೇಕೆನ್ನುವವರು ಓದಿಕೊಂಡು ಬರಬೇಕೆಂದೇನಿಲ್ಲ. ಕಾಂಟ್ ಹೀಗೆಂದಿದ್ದಾನೆ, ಶಂಕರರು ಹೀಗೆಂದಿದ್ದಾರೆ ಎನ್ನುವುದನ್ನು ನಮ್ಮಲ್ಲಿ ಕಾರಣವೆಂದು ಒಪ್ಪುವುದಿಲ್ಲ. ಅವರು ಏಕೆ ಹಾಗೆಂದರು ಎನ್ನುವುದನ್ನು ಹೇಳಬೇಕು. ಮೊದಲ ಕೆಲವು ವಾರ ಸುಮ್ಮನೆ ಕೇಳಿದರೂ ಯಾರೂ ಒತ್ತಾಯ ಮಾಡುವುದಿಲ್ಲ.

ನೀರಿನ ಚರ್ಚೆ ಮುಗಿಯುವ ಹೊತ್ತಿಗೆ ಅದುವರೆಗೂ ಸುಮ್ಮನಿದ್ದ ಯಲಬುರ್ಗಾದ ಅಕ್ಕನವರು, ‘ನಿಮಗ ಮ್ಯಾಲಿಂದರ ಕಾಲುವಿ ಐತಿ, ಕೆಳಗಿಂದರ ಕಾಲುವಿ ಐತಿ. ಮಳಿ ನಂಬಿದ ನಮ್ಮನ್ನ ಆ ಪರದೆ ಹಿಂದ ಯಾರೂ ಕರೀಲೇ ಇಲ್ಲಲ್ರಿ’ ಎಂದರು. ಹಂಚಿಕೆಯ ನಿಯಮ ಬರೆಯುವಾಗ ಯಾರನ್ನೆಲ್ಲ ಪಾಲುದಾರರೆಂದು ಎಣಿಸಬೇಕು ಎಂಬುದನ್ನು ಬರುವ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ಪೂರ್ವಪಕ್ಷವನ್ನು ಹೇಳುವ ಸರದಿ ಗಂಗಾವತಿಯವರದು.