ಬೆಟ್ಟದೂರಲ್ಲಿ ಬ್ಯಾಗ್ ಇಳಿಸಿ

ಬೆಟ್ಟದ ಕಡೆ ಹೋದಾಗ ದಿನಕ್ಕೊಂದು ಊರು, ದಿನಕ್ಕೊಂದು ರೂಮು ಅಂತ ಅಲೆಯುವುದು ನನಗಂತೂ ಒಗ್ಗುವುದಿಲ್ಲ. ಪುಟ್ಟ ಊರೊಂದರಲ್ಲಿ ಬ್ಯಾಗ್ ಇಳಿಸಿ, ಬೆಳಿಗ್ಗೆ ಸುತ್ತಲು ಹೋಗಿ ಸಂಜೆ ವಾಪಸ್ ಬರುವುದೇ ಸುಖ. ಅದೇ ಬೀದಿಗೆ ಮತ್ತೆ ಮತ್ತೆ ಮರಳಿದಾಗ ನಾಯಿಗಳೂ ಬೊಗಳುವುದು ಬಿಡುತ್ತವೆ!

ಹೊರಡುವುದು ಮಾತ್ರ ಬೇಗ. ಬಿಸಿಲಿಗೆ ಇಳಿಜಾರು ಕಾದಂತೆ ಗಾಳಿ ಮೇಲೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಸಲ ಶಿಖರಕ್ಕೆ ಮೋಡ ಮುತ್ತಿಕೊಂಡಿರುತ್ತದೆ. ಸಾವಿರ ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ತಂಪು ಜಾಸ್ತಿ. ಕೆಳಗೆ ಬೆವರುತ್ತಿದ್ದರೂ ಸ್ವೆಟರ್ ಬೇಕು. ಮ್ಯಾಪಿನಲ್ಲಿ ಬರೀ 30 ಕಿಲೋಮೀಟರ್ ಅಂತ ಕಂಡರೆ ಬೇಗ ತಲುಪುತ್ತೇವೆ ಅಂತ ನಂಬಲೇಬೇಡಿ, ತಿರುವುಗಳಲ್ಲೇ ಹೊತ್ತು ಹೋಗುತ್ತದೆ.

ಮಳೆ ಹಿಡಿದರೆ? ಸುಮ್ನೆ ಬಸ್ ಸ್ಟ್ಯಾಂಡಿನ ಬೆಂಚಲ್ಲಿ ಕೂತುಬಿಡಿ. ಯಾವ ದಾರಿಯಲ್ಲಿ ಮಣ್ಣು ಕುಸಿದಿದೆ ಅನ್ನುವುದು ಫೋನಿಗಿಂತ ಮೊದಲು ಡ್ರೈವರುಗಳ ಬಾಯಲ್ಲೇ ಗೊತ್ತಾಗುತ್ತದೆ.