ಹತ್ತು ರಾಗ, ಒಂದು ಬೇಸ್ ಪೆಟ್ಟಿಗೆ: ಚರಣ್‌ಜಿತ್ ಸಿಂಗ್ ಆಲ್ಬಮ್ ಮತ್ತೆ ಕೇಳುವಾಗ

ಮುಂಬೈಯ ಸಿನಿಮಾ ಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರ 1982ರ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಆಗ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ, ಇದು ಈಚೆಗೆ ಯಾರೋ ಮಾಡಿದ ಕೀಟಲೆ ಎಂದೇ ಕೆಲವರು ಅನುಮಾನಪಟ್ಟರು. 'ಆಸಿಡ್ ಹೌಸ್ (ಕೀರಲು ಸಿಂಥ್ ಬೇಸ್‌ನ ಡಾನ್ಸ್ ಸಂಗೀತ) ಹುಟ್ಟಿದ್ದೇ ಮುಂಬೈಯಲ್ಲಿ' ಅನ್ನುವವರೂ ಇದ್ದಾರೆ. ಅದು ಸ್ವಲ್ಪ ಜಾಸ್ತಿಯಾಯಿತು. ಆ ಶೈಲಿಯ ಆರಂಭದ ಹಾಡಾದ, 1987ರ ಶಿಕಾಗೋದ 'ಆಸಿಡ್ ಟ್ರ್ಯಾಕ್ಸ್'ಗೂ ಇದಕ್ಕೂ ನಂಟು ಅಂದರೆ ರೋಲ್ಯಾಂಡ್ ಟಿಬಿ-303 ಅನ್ನೋ, ಬೇಸ್ ನುಡಿಸುವ ಬೆಳ್ಳಿಬಣ್ಣದ ಪುಟ್ಟ ಪೆಟ್ಟಿಗೆ, ಅಷ್ಟೇ. ಬಳಸಿದ ರೀತಿ ಪೂರ್ತಿ ಬೇರೆ.

303ರ ಒಂದು ಪ್ಯಾಟರ್ನ್‌ಗೆ (ಮತ್ತೆಮತ್ತೆ ಸುತ್ತುವ ಸ್ವರಸಾಲಿಗೆ) ಗರಿಷ್ಠ 16 ಮನೆ. ಮೊದಲು ಸ್ವರಗಳನ್ನಷ್ಟೇ ತುಂಬಬೇಕು, ಲಯವನ್ನು ಬೇರೆಯಾಗಿ. ಖಾಲಿ ಮನೆಗೆ ಸ್ವರ ಖರ್ಚಾಗುವುದಿಲ್ಲ. ಹಾಗಾಗಿ ಲಯದಲ್ಲಿ ಒಂದೇ ಒಂದು ಖಾಲಿ ಹೆಚ್ಚಾದರೂ ಮುಂದಿನ ಸ್ವರಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಆಸಿಡ್‌ಗೆ ಈ ಎಡವಟ್ಟೇ ರುಚಿ. ರಾಗಕ್ಕೆ ಆಗಿಬರುವುದಿಲ್ಲ. ಭೈರವ ರಾಗದ ವಾದಿ (ಮುಖ್ಯ ಸ್ವರ) ಕೋಮಲ, ಅಂದರೆ ಅರ್ಧ ಮೆಟ್ಟಿಲು ತಗ್ಗಿದ, ಧೈವತ. ಸಂವಾದಿ (ಎರಡನೇ ಮುಖ್ಯ ಸ್ವರ) ಕೋಮಲ ರಿಷಭ. ಆಕ್ಸೆಂಟ್ (ಸ್ವರಕ್ಕೆ ಕೊಡುವ ಒತ್ತು) ಜಾರಿ ನಿಷಾದದ ಮೇಲೆ ಕೂತರೆ, ಸ್ವರಗಳು ಅವೇ ಇದ್ದರೂ ರಾಗದ ಮುಖ ಕೆಡುತ್ತದೆ.

ಯಾವುದಾದರೂ 303 ಆಪ್‌ನಲ್ಲಿ ಭೈರವ ಮಾಡಿ ನೋಡಿ. ಸಿ ಷಡ್ಜವಾದರೆ ರಿ ಡಿ ಫ್ಲ್ಯಾಟ್, ಧ ಎ ಫ್ಲ್ಯಾಟ್. ಗ, ಮ, ಪ ಅಂದರೆ ಇ, ಎಫ್, ಜಿ. ವೇಗ ನಿಮಿಷಕ್ಕೆ 125 ಬೀಟ್.

ಸ – ಸ ರಿ | ಸ – ಗ ಮ | ಧ ಪ – ಪ | ಗ ಮ ರಿ ಸ

ತುಂಬಬೇಕಾದ ಸ್ವರ 13, ಖಾಲಿ ಮನೆ 3. ಆಕ್ಸೆಂಟ್ 9ನೇ ಮತ್ತು 15ನೇ ಮನೆಗೆ. ಸ್ಲೈಡ್ (ಮುಂದಿನ ಸ್ವರಕ್ಕೆ ಜಾರಿಸುವ ಗುರುತು) ಅನ್ನು ಜಾರಿ ಹೊರಡುವ ಸ್ವರಕ್ಕೆ ಕೊಡಬೇಕು, ಅಂದರೆ 8 ಮತ್ತು 14ಕ್ಕೆ. ಪಿಯಾನೋ ರೋಲ್ (ಸ್ವರಗಳನ್ನು ಪಟ್ಟಿಗಳಾಗಿ ತೋರಿಸುವ ಪರದೆ) ಇದ್ದರೆ ಆ ಸ್ವರವನ್ನು ಮುಂದಿನದರ ಮೇಲೆ ಸ್ವಲ್ಪ ಹಾಯಿಸಿ. ರೆಸೊನೆನ್ಸ್ (ಫಿಲ್ಟರ್‌ನ ಸಿಳ್ಳೆ ಹೆಚ್ಚಿಸುವ ಗುಂಡಿ) ಮುಕ್ಕಾಲಕ್ಕೆ ಸಾಕು. ಪೂರ್ತಿ ತಿರುಗಿಸಿ ಕಟಾಫ್ (ನಾದದ ಹೊಳಪು ಹೆಚ್ಚಿಸುವ ಗುಂಡಿ) ಕೂಡ ಏರಿಸಿದರೆ ಫಿಲ್ಟರ್‌ನ ಸಿಳ್ಳೆಯೇ ಮುಂದೆ ಬಂದು ರಿಷಭ ಯಾವುದು, ಗಾಂಧಾರ ಯಾವುದು ಗೊತ್ತಾಗುವುದಿಲ್ಲ.

ಇಷ್ಟಾದರೂ ಮೀಂಡ್ (ಸ್ವರದಿಂದ ಸ್ವರಕ್ಕೆ ನಿಧಾನದ ಜಾರು) ಬರುವುದಿಲ್ಲ. 303ರ ಸ್ಲೈಡ್ ಸುಮಾರು 60 ಮಿಲಿಸೆಕೆಂಡ್‌ನಲ್ಲಿ ಮುಗಿದುಹೋಗುತ್ತದೆ, ಅದನ್ನು ನಿಧಾನಿಸುವ ಗುಂಡಿಯೇ ಇಲ್ಲ. ಆಲ್ಬಮ್‌ನಲ್ಲಿ ಸಿಂಗ್ 303ಕ್ಕೆ ನೆಲ ಹಿಡಿಯುವ ಕೆಲಸ ಕೊಟ್ಟು, ತಾಳವನ್ನು ಟಿಆರ್-808 ಡ್ರಮ್ ಯಂತ್ರಕ್ಕೆ ಬಿಟ್ಟು, ರಾಗದ ಓಡಾಟವನ್ನು ಜುಪಿಟರ್-8 ಸಿಂಥಸೈಸರ್‌ನಲ್ಲಿ ಕೈಯಾರೆ ನುಡಿಸಿದ್ದಾರೆ. ಆದರೂ ಭೈರವದ ತೂಗಾಡುವ ಆ ರಿಷಭ ಹಾರ್ಮೋನಿಯಂನಲ್ಲಿ ಹೇಗೋ ಇಲ್ಲೂ ಹಾಗೆ, ಸ್ವಲ್ಪ ಸೆಟೆದೇ ನಿಲ್ಲುತ್ತದೆ.

ಹೊಸದಾಗಿ ಕೇಳುವವರು ಐದು ಸ್ವರದ ರಾಗಗಳಿಂದ ಶುರುಮಾಡಿ: ಮಾಲ್‌ಕೌಂಸ್ (ನಮ್ಮ ಹಿಂದೋಳ), ಬೈರಾಗಿ (ರೇವತಿ), ಕಲಾವತಿ. ಕೊನೆಯದು ಕರ್ನಾಟಕ ಸಂಗೀತದ ಕಲಾವತಿ ಅಲ್ಲ, ವಲಚಿ. ಮಾಲ್‌ಕೌಂಸ್ ಬಂದಾಗ ಬೇಸ್ ಕಡೆ ಕಿವಿ ಕೊಡಿ. ಪಂಚಮವೇ ಇಲ್ಲದ ರಾಗ. ಷಡ್ಜ-ಪಂಚಮ ಕುಟ್ಟುವ ಸಾಮಾನ್ಯ ಡಿಸ್ಕೋ ಬೇಸ್ ಅಲ್ಲಿ ನಡೆಯುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ, ಫೋನ್ ಸ್ಪೀಕರ್‌ನಲ್ಲಿ ಆ ಕೆಳಗಿನ ಸ್ವರಗಳು ಅರ್ಧ ಕೇಳಿಸುವುದೇ ಇಲ್ಲ.